ಜಿನೀವಾ ಬರೀ ಕಾಗದವಾ, ಹವಾಲ್ದಾರರೇ?

ಪೊನ್ನಂಪೇಟೆಯ ನಿವೃತ್ತ ಹವಾಲ್ದಾರರೊಬ್ಬರ ಪತ್ರ ಹೀಗಿದೆ: "ಕಾರ್ಗಿಲ್‌ನಲ್ಲಿ ಕ್ಯಾಪ್ಟನ್ ಸೌರಭ್ ಕಾಲಿಯಾಗೆ ಪಾಕಿಸ್ತಾನದವರು ಏನು ಮಾಡಿದರು ಅಂತ ಗೊತ್ತಿದ್ದೂ, ಯುದ್ಧಕೈದಿಗಳನ್ನು ಹಿಂಸಿಸಬಾರದು ಅನ್ನೋ ಜಿನೀವಾ ಒಪ್ಪಂದದ ಬಗ್ಗೆ ಬರೀತೀರಲ್ಲ! ಅದು ಬರೀ ಕಾಗದ. ಕೈಗೆ ಸಿಕ್ಕವರಿಗೆ ನಾವೂ ಹಾಗೇ ಮಾಡಬೇಕು. 1972ರಲ್ಲಿ ಜಬಲ್ಪುರದ ಶಿಬಿರದಲ್ಲಿ ಕಾವಲಿದ್ದಾಗ ಪಾಕಿಸ್ತಾನಿ ಕೈದಿಗಳ ಕಾಗದಗಳನ್ನು ನಾವೇ ಅಂಚೆಗೆ ಹಾಕ್ತಿದ್ದೆವು. ಅದರಿಂದ ನಮಗೇನು ಸಿಕ್ಕಿತು?"

ನಿಮ್ಮ ಸಿಟ್ಟು ಅರ್ಥವಾಗುತ್ತೆ. 1999ರ ಮೇ ತಿಂಗಳಲ್ಲಿ ಗಸ್ತಿಗೆ ಹೋದ ಕಾಲಿಯಾ ಮತ್ತು ಐವರು ಜವಾನರ ಶವ ಜೂನ್ 9ಕ್ಕೆ ವಾಪಸ್ ಬಂತು. ಮೈಮೇಲೆ ಚಿತ್ರಹಿಂಸೆಯ ಗುರುತುಗಳಿದ್ದವು. ಪಾಕಿಸ್ತಾನ ಒಪ್ಪಲೇ ಇಲ್ಲ. ಮಗನಿಗೆ ನ್ಯಾಯ ಬೇಕು ಅಂತ ಅಪ್ಪ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯ್ತು.

ಆದರೆ ಹವಾಲ್ದಾರರೇ, ಅದನ್ನು ಅಪರಾಧ ಅಂತ ನೀವು ಯಾವ ಬಾಯಲ್ಲಿ ಕರೀತೀರಿ? ಅದೇ 1949ರ ಕಾಗದ ಇರೋದರಿಂದ ತಾನೇ! ಕೈದಿಯನ್ನು ಹಿಂಸಿಸಿದವನು ಯಾವ ದೇಶದವನಾಗಿರಲಿ, ಹುಡುಕಿ ಕೋರ್ಟಿಗೆ ತನ್ನಿ, ಇಲ್ಲವೇ ವಿಚಾರಣೆ ಮಾಡುವವರಿಗೆ ಒಪ್ಪಿಸಿ ಅಂತ ಅದರ 129ನೇ ವಿಧಿ ಹೇಳುತ್ತೆ. ನಾವೂ ಹಾಗೇ ಮಾಡಿದರೆ ಆಮೇಲೆ ಯಾರನ್ನು ಕೇಳೋದು?

ಕೊಡಗಿನವರಾಗಿ ನೀವು ಇದನ್ನು ಬರೆದದ್ದೇ ನನಗೆ ಜಾಸ್ತಿ ಬೇಜಾರು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ವಾಪಸ್ ಹೋಗಲ್ಲ ಅಂತ ಕೂತ 22,000ಕ್ಕೂ ಹೆಚ್ಚು ಕೈದಿಗಳ ವಿಷಯ ನೋಡಿಕೊಂಡ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಎರಡೂ ಕಡೆಯವರು ಬೈಯುತ್ತಿದ್ದರು. ಶಿಬಿರದೊಳಗೆ ಕೈದಿಗಳೇ ಕೈದಿಗಳನ್ನು ಹೊಡೆಯುತ್ತಿದ್ದರು. ಮಡಿಕೇರಿಯಲ್ಲಿರುವ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, ಮಕ್ಕಳು ಟ್ಯಾಂಕ್ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಕೊರಿಯಾ ವಿಷಯ ಯಾರಾದರೂ ಕೇಳಿದ್ದನ್ನು ನಾನಂತೂ ನೋಡಿಲ್ಲ. ಕಾರಿಯಪ್ಪನವರ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ: 1965ರಲ್ಲಿ ವಿಮಾನ ಬಿದ್ದು ಮಗ ಸೆರೆಯಾದಾಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡ್ತೀನಿ ಅಂದರು, ಕಾರಿಯಪ್ಪನವರು ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ ಅಂದರು. ಸಭೆಯಲ್ಲಿ ಚಪ್ಪಾಳೆ, ಮನೆಗೆ ಬಂದು ನಿಮ್ಮಂಥ ಪತ್ರ!

ನಿಮ್ಮ ಸಿಟ್ಟು ತಿರುಗಬೇಕಾದದ್ದು ಚೌಕಾಸಿ ಮಾಡುವವರ ಕಡೆಗೆ. 1971ರ ಯುದ್ಧದಲ್ಲಿ ಸೆರೆಸಿಕ್ಕ ಪಾಕಿಸ್ತಾನದ 93,000 ಮಂದಿ ನಮ್ಮ ಕೈಯಲ್ಲಿದ್ದರು. ಅವರಲ್ಲಿ 195 ಜನರನ್ನು ಯುದ್ಧಾಪರಾಧಕ್ಕೆ ವಿಚಾರಣೆ ಮಾಡಬೇಕು ಅಂತ ಬಾಂಗ್ಲಾದೇಶ ಪಟ್ಟು ಹಿಡಿದಿತ್ತು. 1974ರ ಏಪ್ರಿಲ್‌ನಲ್ಲಿ ಮೂರು ದೇಶಗಳು ದಿಲ್ಲಿಯಲ್ಲಿ ಕೂತು ಸಹಿ ಹಾಕಿದವು, ಆ 195 ಜನರೂ ಮನೆಗೆ ಹೋದರು. ನಮ್ಮದೇ 54 ಮಂದಿ ನಾಪತ್ತೆಯಾದವರ ಪಟ್ಟಿ ಹಾಗೇ ಉಳಿಯಿತು. ಮನೆಯವರು ಕಚೇರಿಯಿಂದ ಕಚೇರಿಗೆ ಅಲೆದರು. ಇನ್ನು ಟಿವಿಯವರೋ, 2019ರಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕ ನಮ್ಮ ಪೈಲಟ್ ಅಭಿನಂದನ್ ಮುಖದ ಮೇಲಿನ ರಕ್ತವನ್ನು ಸಂಜೆಯಿಡೀ ತೋರಿಸಿದರು. ಕೈದಿಯನ್ನು ಜನರೆದುರು ಪ್ರದರ್ಶನಕ್ಕೆ ಇಡಬಾರದು ಅಂತ ಅದೇ ಒಪ್ಪಂದದಲ್ಲಿದೆ. ಯಾರಿಗೆ ಬೇಕಿತ್ತು?

ಅಂದಹಾಗೆ, ಜಬಲ್ಪುರದ ಆ ಕಾಗದಗಳ ವಿಷಯ ಒಂದೇ ಸಾಲಿಗೆ ನಿಲ್ಲಿಸಿದ್ದೀರಿ. ಉರ್ದು ಯಾರು ಓದಿ ನೋಡುತ್ತಿದ್ದರು, ಉತ್ತರ ಬಂದಾಗ ಕೈದಿಗಳು ಏನು ಮಾಡುತ್ತಿದ್ದರು, ಎಲ್ಲ ಬಿಡಿಸಿ ಬರೆಯಿರಿ. ನಾಲ್ಕು ಪುಟವಾದರೂ ಸರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂ.