ಗೋಡಂಬಿಯೂ ಬ್ಯಾಡ, ತೆಂಗಿನ ಹಾಲೂ ಬ್ಯಾಡ. ಮೊದಲು ಹುಳಿ ತಡೀರಿ

ಹಾಲು, ಬೆಣ್ಣೆ, ತುಪ್ಪ ಬಿಟ್ಟಿದ್ದೀರಿ. ರಾಜ್ಮಾ, ಟೊಮ್ಯಾಟೊ, ಹುಣಸೆ ರಸ, ಖಾರ ಎಲ್ಲವನ್ನೂ ಒಮ್ಮೆಲೇ ಕುಕ್ಕರಿಗೆ ಹಾಕಿ ಎಂಟು ಸೀಟಿ ಹೊಡೆಸಿದರೂ ಕಾಳು ಬಿರುಸು, ರಸ ನೀರುನೀರು. ದಪ್ಪ ಬರಲಿಕ್ಕೆ ಗೋಡಂಬಿ ಅರೆದು ಹಾಕಲೋ, ತೆಂಗಿನ ಹಾಲು ಹಾಕಲೋ ಎಂದು ಕೇಳಿದ್ದೀರಿ. ಹಾಲು ಬಿಟ್ಟ ಹೊಸದರಲ್ಲಿ ನನ್ನ ಕುಕ್ಕರಿನಿಂದಲೂ ಇಂಥದೇ ಸಾರು ಇಳಿಯುತ್ತಿತ್ತು, ನಾನೂ ಗೋಡಂಬಿಯ ಬೆನ್ನು ಹತ್ತಿದ್ದೆ. ಎರಡೂ ಬ್ಯಾಡ್ರಿ. ನಿಮ್ಮ ಸಾರು ತೆಳ್ಳಗಾಗಿದ್ದು ಕೆನೆ ಇಲ್ಲದ್ದಕ್ಕಲ್ಲ, ಕಾಳು ಬೇಯದ್ದಕ್ಕೆ. ಪೂರ್ತಿ ಬೆಂದ ಕಾಳು ತನ್ನ ಹಿಟ್ಟನ್ನು ತಾನೇ ನೀರಿಗೆ ಬಿಡುತ್ತದೆ. ಅರೆಬೆಂದ ಕಾಳು ಏನನ್ನೂ ಬಿಡುವುದಿಲ್ಲ. ಅದರ ಮೇಲೆ ಗೋಡಂಬಿ ಸುರಿದರೆ ದುಬಾರಿ ರಸದೊಳಗೆ ಬಿರುಸು ಕಾಳು, ಅಷ್ಟೇ.

ಹುಳಿಯ ವಿಷಯ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಎಲ್ಲ ಕೆಡುವುದು ಅಲ್ಲೇ. ಕಾಳಿನ ಒಳಗಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬಿಸಿನೀರಿನಲ್ಲಿ ಅದು ಕರಗಿದಾಗ ಕಣಗಳು ಬಿಡಿಯಾಗುತ್ತವೆ, ನಾವು ಕಾಳು ಬೆಂದಿತು ಅನ್ನುತ್ತೇವೆ. ನೀರಿಗೆ ಹುಳಿ ಸೇರಿದರೆ ಪೆಕ್ಟಿನ್ ಕರಗುವುದು ಬಹಳ ನಿಧಾನವಾಗುತ್ತದೆ. ಟೊಮ್ಯಾಟೊ, ಹುಣಸೆ, ನಿಂಬೆ, ಆಮ್ಚೂರ್, ಎಲ್ಲದರದೂ ಇದೇ ಗುಣ. ಬೇಯುವ ಮೊದಲೇ ಹುಳಿ ಕುಡಿದ ರಾಜ್ಮಾ ಒಂದನ್ನು ಉಗುರಿನಿಂದ ಸೀಳಿ ನೋಡ್ರಿ: ಸಿಪ್ಪೆ ಸುಕ್ಕಾಗಿರುತ್ತದೆ, ಅಂಚು ಮೆತ್ತಗಿರುತ್ತದೆ, ನಡುವೆ ಮಾತ್ರ ಸುಣ್ಣದಂಥ ಬಿಳಿ ಗುಂಡು ಹಾಗೇ ಉಳಿದಿರುತ್ತದೆ. ಆ ಗುಂಡಿಗೆ ಇನ್ನೂ ನಾಲ್ಕು ಸೀಟಿ ಕೊಟ್ಟರೆ ಸಿಪ್ಪೆ ಒಡೆದು ಹೋಗುತ್ತದೆಯೇ ಹೊರತು ನಡು ಮೆತ್ತಗಾಗುವುದಿಲ್ಲ. ಬೆಲ್ಲವೂ ಮೊದಲು ಬ್ಯಾಡ. ಸಕ್ಕರೆಯ ಅಂಶ ಬೇಯುವುದನ್ನು ನಿಧಾನಿಸುತ್ತದೆ, ಬೆಲ್ಲದಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ನಮ್ಮ ಕಡೆ ಹುಣಸೆ-ಬೆಲ್ಲ ಜೋಡಿಯಾಗಿಯೇ ಬೀಳುವುದರಿಂದ ತೊಂದರೆಯೂ ಜೋಡಿಯಾಗಿಯೇ ಬರುತ್ತದೆ.

ಇದೇ ಕ್ಯಾಲ್ಸಿಯಂ ಬೋರಿನ ನೀರಿನಲ್ಲೂ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭೆಯ ನಳದ ನೀರು ಬಂದ ದಿನ ಬೆಂದ ಕಾಳು, ಟಾಕಿ ಖಾಲಿಯಾಗಿ ಬೋರಿನ ನೀರು ಹಾಕಿದ ದಿನ ಬೇಯದೇ ಇದ್ದರೆ ಆಶ್ಚರ್ಯ ಬ್ಯಾಡ. ಕೊಡದ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರು ಕಟ್ಟಿಸುವ ನೀರು ಕಾಳನ್ನೂ ಬಿಗಿ ಮಾಡುತ್ತದೆ. ನೆನೆಸಲಿಕ್ಕೂ ಬೇಯಿಸಲಿಕ್ಕೂ ಕುಡಿಯುವ ಕ್ಯಾನಿನ ನೀರು ಬಳಸ್ರಿ, ಎರಡೂ ಸೇರಿ ಎರಡು ಲೀಟರ್ ಸಾಕು.

ಉಪ್ಪಿನ ಮೇಲೆ ಮಾತ್ರ ಸುಳ್ಳು ಅಪವಾದ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ಅಜ್ಜಿಯರಿಂದ ಹಿಡಿದು ಯೂಟ್ಯೂಬಿನವರೆಗೆ ಎಲ್ಲರೂ ಹೇಳುತ್ತಾರೆ. ನೆನೆಸುವ ನೀರಿಗೇ ಉಪ್ಪು ಹಾಕ್ರಿ, ಲೀಟರಿಗೆ ಎರಡು ಚಹಾ ಚಮಚ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಅನ್ನು ತಳ್ಳಿ ಅದರ ಜಾಗದಲ್ಲಿ ತಾನು ಕೂಡುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ, ಬೇಯುವಾಗ ಒಡೆಯುವುದೂ ಕಡಿಮೆ.

ನಾಲ್ಕು ಮಂದಿಗೆ 250 ಗ್ರಾಂ ಒಣ ಕಾಳು. ರಾಜ್ಮಾ ಆದರೆ ಎಂಟರಿಂದ ಹತ್ತು ತಾಸು ನೆನೆಯಬೇಕು. ಬ್ಯಾಸಗಿಯಲ್ಲಿ ಪಾತ್ರೆಯನ್ನು ಹೊರಗಿಟ್ಟರೆ ನೀರು ಹುಳಿತು ನೊರೆ ಬರುತ್ತದೆ, ಅದಕ್ಕೇ ಮೊದಲಿನಿಂದಲೇ ಫ್ರಿಜ್ಜಿನಲ್ಲಿಡ್ರಿ. ನೆನೆಸಿದ ನೀರು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರು ಸುಮಾರು 900 ಮಿಲಿ ಹಾಕ್ರಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಕಾಳಿನ ನೊರೆ ಮೇಲೆದ್ದು ಸೀಟಿಯ ತೂತಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ತಗ್ಗುತ್ತದೆ. ಮೊದಲು ಮುಚ್ಚಳ ಹಾಕದೆ ಹತ್ತು ನಿಮಿಷ ಜೋರಾಗಿ ಕುದಿಸಿ, ಮೇಲಿನ ನೊರೆ ತೆಗೆದು, ಆಮೇಲೆ ಮುಚ್ಚಳ. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 20ರಿಂದ 25 ನಿಮಿಷ. ಸೀಟಿ ಎಣಿಸುವ ರೂಢಿ ಬಿಡ್ರಿ. ದೊಡ್ಡ ಉರಿಯಲ್ಲಿ ಎಂಟು ಸೀಟಿ ಆರೇಳು ನಿಮಿಷದಲ್ಲೂ ಮುಗಿಯಬಹುದು, ಸಣ್ಣ ಉರಿಯಲ್ಲಿ ಅರ್ಧ ತಾಸೂ ಹಿಡಿಯಬಹುದು. ಗ್ಯಾಸ್ ಆರಿಸಿದ ಮೇಲೆ ಸೀಟಿ ಎತ್ತಿ ಹವಾ ಬಿಡಬ್ಯಾಡ್ರಿ, ತಾನಾಗಿಯೇ ಇಳಿಯಲಿ. ಒತ್ತಡ ಒಮ್ಮೆಲೇ ಇಳಿದರೆ ಕಾಳು ಸಿಡಿದು ಸಿಪ್ಪೆ ಬೇರೆ, ಬೇಳೆ ಬೇರೆ ಆಗುತ್ತದೆ.

ರಾಜ್ಮಾಕ್ಕೆ ಆ ಹತ್ತು ನಿಮಿಷದ ಕುದಿ ರುಚಿಗಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶ ಇರುತ್ತದೆ. ಕುಕ್ಕರಿನ ಒತ್ತಡದಲ್ಲಿ ಅದು ಹೇಗೂ ಸಾಯುತ್ತದೆ, ಆದರೆ ಕುದಿಯ ಮಟ್ಟ ಮುಟ್ಟದ ಕರೆಂಟಿನ ಸ್ಲೋ ಕುಕ್ಕರಿನಲ್ಲಿ ಸಾಯುವುದಿಲ್ಲ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಕೆಲವೇ ತಾಸಿನಲ್ಲಿ ವಾಂತಿ-ಭೇದಿ ಶುರುವಾಗಬಹುದು. ಮೊಳಕೆ ಬಂದ ರಾಜ್ಮಾವನ್ನು ಹಸಿಯಾಗಿ ಕೋಸಂಬರಿಗೆ ಹಾಕುವುದಂತೂ ಬ್ಯಾಡವೇ ಬ್ಯಾಡ.

ಬೆಂದಿದೆಯೋ ಇಲ್ಲವೋ ನೋಡಲು ಒಂದೇ ಕಾಳು ಒತ್ತಿ ಬಿಡಬ್ಯಾಡ್ರಿ, ಐದು ಕಾಳು ತಗೊಳ್ರಿ. ನಾಲಿಗೆಗೂ ಅಂಗುಳಕ್ಕೂ ನಡುವೆ ಇಟ್ಟು ಒತ್ತಿದರೆ ಐದೂ ಕರಗಬೇಕು. ಒಂದು ನಿಂತರೂ ಇನ್ನೂ ಹತ್ತು ನಿಮಿಷ. ಪೂರಾ ಒಂದು ವರ್ಷ ಅಂಗಡಿಯ ಡಬ್ಬಿಯಲ್ಲಿ ಸೆಕೆ ತಿಂದ ಹಳೆ ಕಾಳು ಏನು ಮಾಡಿದರೂ ನಿಧಾನವೇ. ಅಂಥದಕ್ಕೆ ನೆನೆಸುವ ನೀರಿಗೆ ಕಾಲು ಚಮಚ ಅಡುಗೆ ಸೋಡಾ. ಅದಕ್ಕಿಂತ ಹೆಚ್ಚಾದರೆ ಸಾಬೂನಿನ ವಾಸನೆ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ಈಗಾಗಲೇ ಹುಳಿ ಹಾಕಿ ಕೆಟ್ಟಿದ್ದರೆ ಕಾಳನ್ನು ಜಾಲರಿಯಿಂದ ಎತ್ತಿ, ತೊಳೆದು, ಬೇರೆ ನೀರು ಮತ್ತು ಚಿಟಿಕೆ ಸೋಡಾ ಹಾಕಿ ಮತ್ತೊಮ್ಮೆ ಬೇಯಿಸಿ, ಆಮೇಲೆ ಆ ರಸಕ್ಕೆ ಸೇರಿಸಬಹುದು. ಪೂರ್ತಿ ಸರಿಹೋಗದಿದ್ದರೂ ತಿನ್ನಲಿಕ್ಕೆ ಬರುತ್ತದೆ.

ಹಾಗೆ ನೋಡಿದರೆ ರಾಜ್ಮಾವೇ ಯಾಕೆ ಅಂತ ನನ್ನ ತಕರಾರು. ಗದಗ-ಧಾರವಾಡದ ಕಡೆ ಮುಂಗಾರಿಗೆ ಹೆಸರು ದಂಡಿಯಾಗಿ ಬೆಳೆಯುತ್ತಾರೆ, ಸುಗ್ಗಿ ಮುಗಿದ ಮೇಲೆ ಹೊಸ ಕಾಳು ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಗಳಿಗೂ ಬರುತ್ತದೆ. ಅಲಸಂದಿ, ಮಡಿಕೆ ಕಾಳು ಕೂಡ ಇಲ್ಲಿಯವೇ. ಅಲಸಂದಿ ನಾಲ್ಕು ತಾಸು ನೆನೆದರೆ ಒಂದು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ ಎಂಟು ನಿಮಿಷ ಸಾಕು. ಮೊಳಕೆ ಕಟ್ಟಿದ ಮಡಿಕೆಗೆ ಕುಕ್ಕರೂ ಬ್ಯಾಡ, ಮುಚ್ಚಿಟ್ಟ ಪಾತ್ರೆಯಲ್ಲಿ ಕಾಲು ತಾಸು ಸಾಕು. ಆದರೆ ಎರಡು ಬಗೆಯ ಕಾಳು ಒಂದೇ ಕುಕ್ಕರಿಗೆ ಹಾಕಬ್ಯಾಡ್ರಿ. ಅಲಸಂದಿ ಗಂಜಿಯಾಗುವ ಹೊತ್ತಿಗೆ ರಾಜ್ಮಾ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ.

ಇನ್ನು ತುಪ್ಪದ ಜಾಗ ತುಂಬುವ ಮಸಾಲೆ. ತುಪ್ಪ ಕೊಡುತ್ತಿದ್ದದ್ದು ಎರಡು: ಜಿಡ್ಡು, ಮತ್ತು ಹುರಿದ ಘಮ. ಶೇಂಗಾ ಎಣ್ಣೆ ನಾಲ್ಕು ದೊಡ್ಡ ಚಮಚ ಹಾಕಲು ಹೆದರಬ್ಯಾಡ್ರಿ, ಅರ್ಧ ಕೆಜಿಗೂ ಹೆಚ್ಚು ಬೆಂದ ಕಾಳಿಗೆ ಅದು ಜಾಸ್ತಿಯಲ್ಲ. ಹೆಚ್ಚಿದ ಉಳ್ಳಾಗಡ್ಡಿ 300 ಗ್ರಾಂ, ಅಂದರೆ ಮಧ್ಯಮ ಗಾತ್ರದವು ಮೂರು. ಹದಿನೈದು ನಿಮಿಷ ಹುರಿಯಬೇಕು, ತಪ್ಪಿಸುವ ದಾರಿ ಇಲ್ಲ. ಐದು ನಿಮಿಷಕ್ಕೆ ಗಾಜಿನ ಬಣ್ಣ, ಹತ್ತಕ್ಕೆ ಅಂಚು ಹಳದಿ, ಆಮೇಲೆ ತಳ ಹಿಡಿಯಲು ಶುರು. ಆಗ ಒಂದು ಚಮಚ ನೀರು ಚಿಮುಕಿಸಿ ತಳ ಕೆರೆಯಿರಿ, ಮತ್ತೆ ಹುರಿಯಿರಿ. ಎರಡು ಸಲ ಹೀಗೆ ಕೆರೆದರೆ ಬೆಲ್ಲದ ಬಣ್ಣ ಬರುತ್ತದೆ, ತುಪ್ಪ ಇಲ್ಲ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಪಕ್ಕದ ಒಲೆಯಲ್ಲಿ ಒಂದೊಂದನ್ನೇ ಬೇರೆಬೇರೆಯಾಗಿ ಹುರಿಯಬೇಕು: ಶೇಂಗಾ ಮೂರು ದೊಡ್ಡ ಚಮಚ, ಒಣಕೊಬ್ರಿ ಎರಡು, ಧನಿಯಾ ಒಂದು, ಗುರೆಳ್ಳು (ಹುಚ್ಚೆಳ್ಳು) ಒಂದು, ಜೀರಿಗೆ ಒಂದು ಚಹಾ ಚಮಚ, ನಾಲ್ಕು ಲವಂಗ, ಒಂದು ಇಂಚು ಚಕ್ಕೆ. ಗುರೆಳ್ಳು ಸಿಡಿಯಲು ಶುರುವಾದ ಕೂಡಲೇ ಇಳಿಸ್ರಿ, ಅರ್ಧ ನಿಮಿಷ ತಡವಾದರೆ ಕಹಿ. ಬಣ್ಣಕ್ಕೆ ಎಂಟು ಬ್ಯಾಡಗಿ ಮೆಣಸಿನಕಾಯಿ, ಬೀಜ ಕೊಡವಿ ಬಿಸಿನೀರಲ್ಲಿ 20 ನಿಮಿಷ ನೆನೆಸಿದ್ದು. ಖಾರಕ್ಕೆ ಗುಂಟೂರು ಎರಡು. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ, ಅಂದರೆ ಆ ಸೀಮೆಯದೇ ಬೆಳೆ ಎಂಬ ಗುರುತಿನ) ಮಾನ್ಯತೆ ಸಿಕ್ಕಿದೆ, ಆದರೆ ಪುಡಿಯ ಪ್ಯಾಕೆಟ್ಟಿನಲ್ಲಿ ಅದು ಎಷ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಸುಕ್ಕುಗಟ್ಟಿದ ಇಡೀ ಕಾಯನ್ನೇ ಕೊಳ್ರಿ. ಇವೆಲ್ಲ, ಹತ್ತು ಎಸಳು ಬಳ್ಳೊಳ್ಳಿ, ಒಂದಿಂಚು ಹಸಿಶುಂಠಿ ಸೇರಿಸಿ ನುಣ್ಣಗೆ ಅರೆದು, ಉಳ್ಳಾಗಡ್ಡಿಗೆ ಹಾಕಿ, ಎಣ್ಣೆ ಅಂಚಿಗೆ ಬರುವವರೆಗೆ ಆರೇಳು ನಿಮಿಷ ಬಾಡಿಸ್ರಿ. ಹೆಚ್ಚಿದ ಎರಡು ಟೊಮ್ಯಾಟೊ ಈಗ. ಅವು ಕರಗಿ ಮುದ್ದೆಯಾದ ಮೇಲೆ ಕಾಳು, ಕಾಳು ಬೇಯಿಸಿದ ನೀರಿನ ಸಮೇತ. ಆ ನೀರು ಚೆಲ್ಲಿದರೆ ದಪ್ಪವನ್ನೇ ಮೋರಿಗೆ ಸುರಿದಂತೆ. ಎರಡು ಸೌಟು ಕಾಳನ್ನು ಪಾತ್ರೆಯ ಗೋಡೆಗೆ ಒತ್ತಿ ಕಿವುಚಿ, ಉಪ್ಪು ನೋಡಿ ಹಾಕಿ, ಸಣ್ಣ ಉರಿಯಲ್ಲಿ 20 ನಿಮಿಷ. ಸಣ್ಣ ಅಡಿಕೆಯಷ್ಟು ಹುಣಸೆಹಣ್ಣಿನ ರಸ, ಅಷ್ಟೇ ಬೆಲ್ಲ ಕೊನೆಯ ಐದು ನಿಮಿಷಕ್ಕೆ. ಟೊಮ್ಯಾಟೊ ಹುಳಿಯಿದ್ದರೆ ಹುಣಸೆ ಬಿಟ್ಟೇಬಿಡ್ರಿ.

ಗೋಡಂಬಿ ಯಾಕೆ ಬ್ಯಾಡ ಅಂದೆನೆಂದರೆ ಅದರ ಸಿಹಿ ಬ್ಯಾಡಗಿಯ ರುಚಿಯನ್ನು ಮುಚ್ಚಿಬಿಡುತ್ತದೆ, ಸಾರು ಹೋಟೆಲಿನ ಕುರ್ಮಾ ಆಗುತ್ತದೆ. ತೆಂಗಿನ ಹಾಲು ಹುಣಸೆಯ ಜೊತೆ ಜೋರಾಗಿ ಕುದಿಸಿದರೆ ಒಡೆಯುತ್ತದೆ, ಮತ್ತು ಜೋಳದ ರೊಟ್ಟಿಗೆ ಅದರ ರುಚಿ ಹೊಂದುವುದಿಲ್ಲ. ಶೇಂಗಾ-ಗುರೆಳ್ಳು ಇರುವ ಊರಲ್ಲಿ ಕೆನೆ ಹುಡುಕುವ ಕೆಲಸವೇ ಇಲ್ಲ.

ಹೊಟ್ಟೆ ತುಂಬುತ್ತದೆಯೇ ಎಂಬ ನಿಮ್ಮ ಕೊನೆಯ ಅನುಮಾನಕ್ಕೆ: 250 ಗ್ರಾಂ ರಾಜ್ಮಾವನ್ನು ನಾಲ್ಕು ಪಾಲು ಮಾಡಿದರೆ ಒಬ್ಬರಿಗೆ ಸುಮಾರು 14 ಗ್ರಾಂ ಪ್ರೋಟೀನ್, ಶೇಂಗಾದ್ದು ಬೇರೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಾಳಿನಲ್ಲಿ ಧಾರಾಳವಾಗಿದೆ. ಎರಡು ರೊಟ್ಟಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಇದ್ದರೆ ಊಟ ಆಯಿತು. ಬಿ12 ಮಾತ್ರ ಕಾಳಿನಿಂದ ಬರುವುದಿಲ್ಲ. ಹಾಲು-ಮೊಸರು ಪೂರ್ತಿ ಬಿಟ್ಟಿದ್ದರೆ ಡಾಕ್ಟರನ್ನು ಕೇಳಿ ಅದರ ಗುಳಿಗೆ ಶುರು ಮಾಡ್ರಿ, ಇದನ್ನು ಮುಂದೂಡಬ್ಯಾಡ್ರಿ.

ಇಳಿಸಿದ ಕೂಡಲೇ ಬಡಿಸದೆ ಅರ್ಧ ತಾಸು ಮುಚ್ಚಿಡ್ರಿ, ಹಿಟ್ಟು ಹಿಡಿದು ರಸ ಗಟ್ಟಿಯಾಗುತ್ತದೆ. ಒಲೆಯ ಮೇಲೆ ಇನ್ನೂ ಸ್ವಲ್ಪ ತೆಳ್ಳಗೆ ಅನ್ನಿಸುವಾಗಲೇ ಆರಿಸುವುದು ಸರಿಯಾದ ಹದ. ಉಳಿದದ್ದನ್ನು ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ. ಮರುದಿನ ಅದು ಪಲ್ಯದಷ್ಟು ಗಟ್ಟಿಯಾಗಿರುತ್ತದೆ. ತಣ್ಣೀರಲ್ಲ, ಕುದಿಯುವ ನೀರು ಅರ್ಧ ಲೋಟ ಹಾಕಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಬಿಸಿ ಮಾಡಿಕೊಳ್ರಿ.