ಜುಲೈನಲ್ಲೂ 16 ಡಿಗ್ರಿ! ಇಂಗ್ಲೆಂಡಿನ ಈ ಬೇಸಿಗೆಯನ್ನು ಹೇಗೆ ಕಳೆಯುವುದು?

ನಿಮ್ಮ ಪ್ರಶ್ನೆ ಇದು: “ಇಂಗ್ಲೆಂಡಿಗೆ ಬಂದು ಹತ್ತು ತಿಂಗಳಾಯಿತು. ಮ್ಯಾಂಚೆಸ್ಟರ್ ಹತ್ತಿರ ಇದ್ದೇನೆ. ಚಳಿಗಾಲ ಪೂರ್ತಿ ಬೇಸಿಗೆ ಬರಲಿ ಅಂತ ಕಾದೆ. ಈಗ ಜುಲೈ. ಹೊರಗೆ 16 ಡಿಗ್ರಿ, ಮೋಡ, ಜಿಟಿಜಿಟಿ ಮಳೆ. ತುಂಬಾ ಬೇಜಾರಾಗಿದೆ. ವರ್ಷಗಟ್ಟಲೆ ಇಲ್ಲಿರುವವರು ಇದನ್ನು ಹೇಗೆ ತಡೆದುಕೊಳ್ಳುತ್ತೀರಿ?”

ನೀವು ಕೇಳಿದ್ದು 2024ರಲ್ಲಿ. ನನ್ನ ಕಣ್ಣಿಗೆ ಬಿದ್ದದ್ದು ಈಗ. ತಡವಾಯಿತು, ಆದರೂ ಬರೆಯುತ್ತೇನೆ. ಅಂಥ ಬೇಸಿಗೆ ಮತ್ತೆ ಬಂದೇ ಬರುತ್ತದೆ. ಆಗ ಇನ್ಯಾರೋ ಇದೇ ಬೇಜಾರಿನಲ್ಲಿ ಇಲ್ಲಿಗೆ ಬಂದು ಹುಡುಕುತ್ತಾರೆ.

ನನ್ನ ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಒಂದು ಹಳ್ಳಿ. ಮ್ಯಾಂಚೆಸ್ಟರಿಗೆ ಬಂದದ್ದು 2011ರ ಸೆಪ್ಟೆಂಬರಿನಲ್ಲಿ. ಹಾಗಾಗಿ ನಾನು ಕಂಡ ಮೊದಲ ಬೇಸಿಗೆ 2012ರದು. ಬ್ರಿಟನ್ನಿನಲ್ಲಿ 1912ರ ನಂತರ ಅಷ್ಟು ಮಳೆ ಬಿದ್ದ ಬೇಸಿಗೆ ಇರಲಿಲ್ಲ. ಆ ಏಪ್ರಿಲ್‌ನಲ್ಲಿ ದಕ್ಷಿಣದ ಕಡೆ ಬರ ಅಂತ ಹೇಳಿ, ತೋಟಕ್ಕೆ ಪೈಪಿನಲ್ಲಿ ನೀರು ಬಿಡುವುದನ್ನೇ ನಿಷೇಧಿಸಿದ್ದರು. ಆಮೇಲೆ ಹಿಡಿದ ಮಳೆ ಬಿಡಲೇ ಇಲ್ಲ.

ಜೂನ್ ಮಧ್ಯದಲ್ಲಿ ಅಮ್ಮ ಬಂದಳು. ಸೂಟ್‌ಕೇಸಿನಲ್ಲಿ ಚಕ್ಕುಲಿ ಒರಳು, ಸಾಬಕ್ಕಿ, ಸಂಡಿಗೆ ಹಾಕಲು ಒಂದು ಹಳೆಯ ಬಿಳಿ ಪಂಚೆ. “ಮೂರು ತಿಂಗಳು ಬೇಸಿಗೆ ಅಲ್ವಾ, ನಿನಗೆ ವರ್ಷಕ್ಕಾಗುವಷ್ಟು ಸಂಡಿಗೆ ಮಾಡಿಟ್ಟು ಹೋಗ್ತೀನಿ” ಅಂದಳು. ಮೊದಲ ವಾರ ದಿನಾ ಬೆಳಿಗ್ಗೆ ಹಿಂದಿನ ಬಾಗಿಲು ತೆಗೆದು ಆಕಾಶ ನೋಡುತ್ತಿದ್ದಳು. ಎರಡನೇ ವಾರ ಪಂಚೆ ಮಡಚಿ ಒಳಗಿಟ್ಟಳು. ನನಗೆ ಮಳೆಗಿಂತ ಆ ಪಂಚೆ ಒಳಗೆ ಹೋದದ್ದೇ ಜಾಸ್ತಿ ನೋವಾಯಿತು.

ಆ ಮೂರು ತಿಂಗಳಲ್ಲಿ ನಾವಿಬ್ಬರೂ ಕಲಿತದ್ದನ್ನು, ಆಮೇಲೆ ನಾನೊಬ್ಬನೇ ಕಲಿತದ್ದನ್ನು ಹೇಳುತ್ತೇನೆ.

ನಮಗೆ ಮೋಸ ಮಾಡುವುದು ‘ಬೇಸಿಗೆ’ ಅನ್ನುವ ಮಾತು. ಅದರೊಳಗೇ ‘ಬೇಯುವುದು’ ಇದೆ. ನಮಗೆ ಬೇಸಿಗೆ ಅಂದರೆ ಸೆಕೆ, ಬೆವರು, ಅಂಗಳದಲ್ಲಿ ಹರಡಿದ ಹಪ್ಪಳ. ಇಲ್ಲಿಯವರ ‘ಸಮ್ಮರ್’ ಅದಲ್ಲ. ಮ್ಯಾಂಚೆಸ್ಟರಿನಲ್ಲಿ ಜುಲೈ ಮಧ್ಯಾಹ್ನದ ಸರಾಸರಿ ಬಿಸಿ ಬರೀ 20-21 ಡಿಗ್ರಿ. ಅಂದರೆ ನೀವು ನೋಡಿದ 16 ಡಿಗ್ರಿ ಇಲ್ಲಿಯ ಲೆಕ್ಕಕ್ಕೆ ನಾಲ್ಕೈದು ಡಿಗ್ರಿಯಷ್ಟೇ ಕಡಿಮೆ. ಇಲ್ಲಿ ಈ ಕಾಲ ಕೊಡುವುದು ಬಿಸಿಯನ್ನಲ್ಲ, ಬೆಳಕನ್ನು. ಜೂನ್ 21ರ ಸುಮಾರಿಗೆ ಮ್ಯಾಂಚೆಸ್ಟರಿನಲ್ಲಿ ಬೆಳಿಗ್ಗೆ 4:40ಕ್ಕೆ ಸೂರ್ಯ ಹುಟ್ಟಿ ರಾತ್ರಿ 9:40ಕ್ಕೆ ಮುಳುಗುತ್ತಾನೆ. 17 ಗಂಟೆ ಹಗಲು. ನಮ್ಮ ಸಾಗರದಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ದಾಟುವುದಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಏಳೂವರೆ ಗಂಟೆ ಹಗಲು, ನಾಲ್ಕಕ್ಕೆಲ್ಲ ಕತ್ತಲೆ. ಅದನ್ನು ನೀವೂ ಒಮ್ಮೆ ಅನುಭವಿಸಿದ್ದೀರಿ.

ಮೋಡ ಬಿಸಿಯನ್ನು ತಡೆಯುತ್ತದೆ, ಬೆಳಕಿನ ಗಂಟೆಗಳನ್ನು ಕಡಿಮೆ ಮಾಡುವುದಿಲ್ಲ. ಇದು ತಲೆಗೆ ಹೋದ ದಿನದಿಂದ ನಾನು ಥರ್ಮಾಮೀಟರ್ ನೋಡುವುದನ್ನು ಬಿಟ್ಟೆ. ಮೇ ತಿಂಗಳಿಂದ ಆಗಸ್ಟ್ ಕೊನೆಯವರೆಗೆ ಊಟ ಆದಮೇಲೆ ಒಂದು ಗಂಟೆ ಹೊರಗೆ ನಡೆಯುತ್ತೇನೆ. 14 ಡಿಗ್ರಿ ಇದ್ದರೂ ಸರಿ, ಜಾಕೆಟ್ ಹಾಕಿಕೊಂಡು. ಕಾಲುವೆ ಪಕ್ಕದ ದಾರಿಯಲ್ಲಿ ರಾತ್ರಿ ಒಂಬತ್ತಕ್ಕೆ ಹಕ್ಕಿಗಳು ಇನ್ನೂ ಕೂಗುತ್ತಿರುತ್ತವೆ. ನಿಮಗೆ ಒಂದೇ ಒಂದು ಸಲಹೆ ಕೊಡಬೇಕು ಅಂದರೆ ಇದನ್ನೇ ಕೊಡುತ್ತೇನೆ. ಬಿಸಿಲು ಬರಲಿ, ಆಮೇಲೆ ಹೋಗೋಣ ಅಂತ ಕೂತರೆ ಜುಲೈ ಮುಗಿದುಹೋಗುತ್ತದೆ.

ಮಳೆ ಯಾಕೆ ಹೀಗೆ ಹಿಡಿಯುತ್ತದೆ ಅಂತ ಗೊತ್ತಾದರೆ ಅದರ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ. ನನಗಂತೂ ಇಳಿಯಿತು. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ನದಿಯ ಹಾಗೆ ಹರಿಯುತ್ತದೆ. ಅದನ್ನು ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಅದು ಬ್ರಿಟನ್ನಿನ ಉತ್ತರಕ್ಕೆ, ಐಸ್‌ಲ್ಯಾಂಡ್ ಕಡೆ ಹರಿದರೆ ನಮಗೆ ಬಿಸಿಲು. ದಕ್ಷಿಣಕ್ಕೆ ಬಾಗಿ ನಿಂತರೆ ಅಟ್ಲಾಂಟಿಕ್‌ನಿಂದ ಒಂದರ ಹಿಂದೆ ಒಂದು ಮಳೆ ನಮ್ಮ ತಲೆಯ ಮೇಲೇ ಬರುತ್ತದೆ. 2012ರಲ್ಲಿ ಆದದ್ದು ಅದೇ. ಜುಲೈ ಮಧ್ಯದ ಹೊತ್ತಿಗೆ ಅದು ಎಲ್ಲಿ ನಿಲ್ಲುತ್ತದೋ ಎಷ್ಟೋ ಸಲ ಆಗಸ್ಟ್ ಕೊನೆಯವರೆಗೂ ಅಲ್ಲೇ ಇರುತ್ತದೆ.

ಇಲ್ಲಿಯ ಜನಕ್ಕೆ ಇದು ಹಿಂದಿನಿಂದಲೂ ಗೊತ್ತಿತ್ತು ಅನ್ನಿಸುತ್ತದೆ. ಜುಲೈ 15 ಸಂತ ಸ್ವಿದಿನ್ ದಿನ. ಅವರು ವಿಂಚೆಸ್ಟರಿನಲ್ಲಿ ಬಿಷಪ್ ಆಗಿದ್ದವರು. ಆ ದಿನ ಮಳೆ ಬಂದರೆ ಮುಂದೆ ನಲವತ್ತು ದಿನ ಮಳೆ ಅಂತ ಹಳೆಯ ನಂಬಿಕೆ. ದಾಖಲೆ ತೆಗೆದು ನೋಡಿದರೆ ಸರಿಯಾಗಿ ನಲವತ್ತು ದಿನ ಸುರಿಯುವುದೇನೂ ಇಲ್ಲ. ಆದರೆ ಪಕ್ಕದ ಮನೆಯ ಅಜ್ಜಿ ಇದನ್ನು ಹೇಳಿದಾಗ ನಮ್ಮಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. “ಈಗ ಪುನರ್ವಸು ಮಳೆ. ಪುಷ್ಯ, ಆಶ್ಲೇಷ ಮುಗಿದು ಮಖೆ ಅರ್ಧಕ್ಕೆ ಬರೋವರೆಗೆ ಅಂತಾಯ್ತು. ಊರಲ್ಲೂ ಈಗ ಇದೇ ಮಳೆ ತಾನೆ?” ಹೌದಲ್ಲ! ಊರಲ್ಲಿ ಜುಲೈನಲ್ಲಿ ಯಾರು ಸಂಡಿಗೆ ಒಣಗಿಸುತ್ತಾರೆ? ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಿಕೊಂಡು, ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ ಸುಟ್ಟು ತಿನ್ನುವ ಕಾಲ ಅದು. ಅವತ್ತಿಂದ ಅಮ್ಮ ಇಲ್ಲಿಯ ಜುಲೈಯನ್ನು ಬೇಸಿಗೆ ಅಂತ ಕರೆಯಲೇ ಇಲ್ಲ, ಮಳೆಗಾಲ ಅಂದಳು. ಮಧ್ಯಾಹ್ನ ಕಾಳುಮೆಣಸು ಹಾಕಿದ ಬಿಸಿ ಸಾರು, ಸಂಜೆ ಕಷಾಯ ಶುರುವಾಯಿತು. ಮನೆಯೊಳಗಿನ ಗಾಳಿಯೇ ಬದಲಾಯಿತು.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬೆಂಗಳೂರಿನಲ್ಲಿ 900ಕ್ಕಿಂತ ಜಾಸ್ತಿ. ಮ್ಯಾಂಚೆಸ್ಟರಿನಲ್ಲಿ ಕೂಡ ಬೆಂಗಳೂರಿಗಿಂತ ಕಡಿಮೆಯೇ. ನಮ್ಮನ್ನು ಕಾಡುವುದು ಮಳೆಯ ಪ್ರಮಾಣ ಅಲ್ಲ, ಅದು ಬರುವ ರೀತಿ. ಅಲ್ಲಿ ಒಂದು ಗಂಟೆ ಹುಯ್ದು ಬಿಡುತ್ತದೆ, ಇಲ್ಲಿ ದಿನವಿಡೀ ತೊಟ್ಟಿಕ್ಕುತ್ತದೆ. ಆದರೆ ನಡುವೆ ಬಿಡುವು ಕೊಡುತ್ತದೆ. ಫೋನಿನಲ್ಲಿ ‘ನಾಳೆ ಮಳೆ’ ಅನ್ನುವ ಚಿತ್ರ ನೋಡಿ ಕಾರ್ಯಕ್ರಮ ರದ್ದು ಮಾಡಬೇಡಿ. ಇಲ್ಲಿಯ ಹವಾಮಾನ ಇಲಾಖೆಯಾದ ಮೆಟ್ ಆಫೀಸ್‌ನ ಆ್ಯಪಿನಲ್ಲಿ ಗಂಟೆ ಗಂಟೆಯ ಲೆಕ್ಕ ಇರುತ್ತದೆ, ಮಳೆಯ ನಕ್ಷೆಯೂ ಇರುತ್ತದೆ. ಎರಡು ಗಂಟೆ ಬಿಡುವು ಸಿಕ್ಕರೆ ಸಾಕು, ಹೊರಡಿ.

ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡುವುದನ್ನೂ ಕಲಿಯಿರಿ. ಪಶ್ಚಿಮದ ಗಾಳಿ ಇದ್ದರೆ ಮಳೆಯ ಬಹುಪಾಲು ನಮ್ಮ ಕಡೆ, ಅಂದರೆ ಉತ್ತರ ಇಂಗ್ಲೆಂಡಿನ ನಡುವೆ ಚಾಚಿರುವ ಪೆನೈನ್ ಬೆಟ್ಟಗಳ ಈಚೆಗೆ ಬೀಳುತ್ತದೆ. ಘಟ್ಟದ ಮೇಲೆ ಸುರಿದು ಬಯಲುಸೀಮೆಗೆ ಕಡಿಮೆ ಆಗುತ್ತದಲ್ಲ, ಹಾಗೆಯೇ. ಅಂಥ ದಿನ ಪೂರ್ವ ಕರಾವಳಿಯ ಸ್ಕಾರ್ಬರೋ, ವಿಟ್ಬಿ ಕಡೆ ಬಿಸಿಲು ಇರುವ ಸಾಧ್ಯತೆ ಜಾಸ್ತಿ. ಗಾಳಿ ಪೂರ್ವದಿಂದ ಬೀಸಿದರೆ ಅಲ್ಲಿಗೆ ಹೋಗಬೇಡಿ, ಸಮುದ್ರದಿಂದ ತಣ್ಣನೆಯ ಮಂಜು ಬಂದು ಕವಿಯುತ್ತದೆ. ಆಗ ಪಶ್ಚಿಮದ ಕಡೆ ಹೊರಡಿ.

ಮಳೆ ಬಿಡುವುದೇ ಇಲ್ಲ ಅನ್ನುವ ವಾರಗಳೂ ಇರುತ್ತವೆ. ಆಗ ನಾನು ಮಾಡುವುದು ಇದು: ಮಳೆ ಹುಡುಕಿಕೊಂಡು ಹೋಗುತ್ತೇನೆ. ಜೋಗ ನೋಡಲು ಯಾರಾದರೂ ಏಪ್ರಿಲ್‌ನಲ್ಲಿ ಹೋಗುತ್ತಾರಾ? ನಾಲ್ಕು ದಿನ ಮಳೆ ಬಿದ್ದ ಮೇಲೆ ವಾಯವ್ಯ ಇಂಗ್ಲೆಂಡಿನ ಬೆಟ್ಟ-ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್‌ನ ಉಲ್ಸ್‌ವಾಟರ್ ಸರೋವರದ ಹತ್ತಿರ ಇರುವ ಏರಾ ಫೋರ್ಸ್ ಜಲಪಾತಕ್ಕೆ ಹೋಗಿ. ಎತ್ತರ ಸುಮಾರು 20 ಮೀಟರ್ ಅಷ್ಟೇ, ನಮ್ಮ 253 ಮೀಟರಿನ ಜೋಗಕ್ಕೆ ಹೋಲಿಸುವಂಥದ್ದಲ್ಲ. ಆದರೆ ಕಲ್ಲಿನ ಸಣ್ಣ ಸೇತುವೆಯ ಮೇಲೆ ನಿಂತರೆ ಹನಿ ಮುಖಕ್ಕೆ ಹಾರುತ್ತದೆ, ಪಾಚಿಯ ವಾಸನೆ ಬರುತ್ತದೆ. ಅಮ್ಮ ಅಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತಿದ್ದಳು. ಆ ಇಡೀ ಬೇಸಿಗೆಯಲ್ಲಿ ಅವಳು ನಿಜವಾಗಿ ಖುಷಿಯಾಗಿದ್ದ ಮೊದಲ ದಿನ ಅದು. ಇದೇ ಸೀಮೆಯ ಸೀತ್‌ವೇಟ್ ಅನ್ನುವ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮಲೆನಾಡಿನವರಿಗೆ ಅದು ಪರಿಚಯದ ಜಾಗ ಅನ್ನಿಸದೇ ಇರದು.

ಹೋಗುವಾಗ ಕೊಡೆ ನಂಬಬೇಡಿ, ಗಾಳಿಗೆ ಮಗುಚಿಕೊಳ್ಳುತ್ತದೆ. ತಲೆ ಮುಚ್ಚುವ ಒಳ್ಳೆಯ ಮಳೆ ಜಾಕೆಟ್ಟಿಗೆ ಒಮ್ಮೆ ದುಡ್ಡು ಹಾಕಿ. ಜೀನ್ಸ್ ಬೇಡ, ಒದ್ದೆಯಾದರೆ ಇಡೀ ದಿನ ಒಣಗುವುದಿಲ್ಲ.

ಮನೆಯ ಬಗ್ಗೆ ಎರಡು ಮಾತು. ಜುಲೈನಲ್ಲಿ ಹೀಟಿಂಗ್ ಹಾಕುವುದು ತಪ್ಪು ಅಂತ ಇಲ್ಲಿ ಹಲವರು ಭಾವಿಸುತ್ತಾರೆ. ನಾನೂ ಮೊದಲ ವರ್ಷ ಆ ಮಾತು ಕೇಳಿ ಅಮ್ಮನನ್ನು ಎರಡು ಸ್ವೆಟರಿನಲ್ಲಿ ಕೂರಿಸಿದ್ದೆ. ಅದಕ್ಕೆ ಈಗಲೂ ಬೇಸರವಿದೆ. ಚಳಿ ಆದರೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಾಕಿ, ಅದರಲ್ಲೂ ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ, ಗೋಡೆಗೆ ಬೂಸ್ಟು ಹಿಡಿಯುತ್ತದೆ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ತಂದ ಮೇಲೆ ನಮ್ಮ ಮನೆಯಲ್ಲಿ ಆ ತೊಂದರೆ ನಿಂತಿತು.

ಹಿತ್ತಲಿದ್ದರೆ, ಇಲ್ಲ ಕಿಟಕಿ ಹತ್ತಿರ ಒಂದು ಕುಂಡ ಇಡಲು ಜಾಗವಿದ್ದರೂ, ಮೆಂತ್ಯ, ಕೊತ್ತಂಬರಿ, ಪಾಲಕ್ ಹಾಕಿ. ಬಿಸಿಲು ಜಾಸ್ತಿಯಾದರೆ ಕೊತ್ತಂಬರಿ ಬೇಗ ಹೂ ಬಿಟ್ಟು ಹಾಳಾಗುತ್ತದೆ. ತಣ್ಣನೆಯ ಬೇಸಿಗೆಯಲ್ಲಿ ವಾರಗಟ್ಟಲೆ ಸೊಪ್ಪು ಕೊಯ್ಯಬಹುದು. ಬೆಂಡೆ, ಬದನೆಯ ಆಸೆ ಆ ವರ್ಷಕ್ಕೆ ಬಿಡಿ. ಹಣ್ಣಾಗದ ಟೊಮೆಟೊ ಕಾಯಿಯಲ್ಲೇ ಗೊಜ್ಜು ಮಾಡಿ, ತುಂಬಾ ಚೆನ್ನಾಗಿರುತ್ತದೆ. ಒಂದೇ ಎಚ್ಚರಿಕೆ, ಮಳೆ ಬೇಸಿಗೆಯಲ್ಲಿ ಸ್ಲಗ್ ಅನ್ನುವ ಚಿಪ್ಪಿಲ್ಲದ ಬಸವನಹುಳು ವಿಪರೀತ. ರಾತ್ರಿ ಟಾರ್ಚ್ ಹಿಡಿದು ಆರಿಸದಿದ್ದರೆ ಬೆಳಿಗ್ಗೆ ಸಸಿ ಇರುವುದಿಲ್ಲ.

ಈಗ ಮುಖ್ಯವಾದ ಮಾತು. ‘ತುಂಬಾ ಬೇಜಾರಾಗಿದೆ’ ಅಂತ ಬರೆದಿದ್ದೀರಿ. ಅದನ್ನು ಹವಾಮಾನದ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಕೆಲಸ ಯಾವುದೂ ಸರಿ ಇಲ್ಲದಿದ್ದರೆ ಜಿಪಿ, ಅಂದರೆ ನೀವು ಹೆಸರು ನೋಂದಾಯಿಸಿದ ಸ್ಥಳೀಯ ಡಾಕ್ಟರ, ಹತ್ತಿರ ಮಾತಾಡಿ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಮಾತುಕತೆ ಚಿಕಿತ್ಸೆಗೆ ನೀವೇ ನೇರವಾಗಿ ಹೆಸರು ಕೊಡಬಹುದು, ಡಾಕ್ಟರ ಚೀಟಿಯೂ ಬೇಡ. ಅದರ ಜೊತೆಗೆ ವಿಟಮಿನ್ ಡಿ. ನಮ್ಮಂಥ ಕಪ್ಪು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದು ಒಳ್ಳೆಯದು ಅಂತ ಇಲ್ಲಿಯ ಆರೋಗ್ಯ ಇಲಾಖೆಯೇ ಹೇಳುತ್ತದೆ. ಇದನ್ನು ನನಗೆ ಮೊದಲ ವರ್ಷ ಯಾರೂ ಹೇಳಿರಲಿಲ್ಲ.

ನಿಮ್ಮ 2024ರ ಬೇಸಿಗೆ ಬ್ರಿಟನ್ನಿಗೆ 2015ರ ನಂತರ ಅತಿ ತಣ್ಣಗಿನದು. ಅದರ ಮರುವರ್ಷವೇ, 2025ರಲ್ಲಿ, ದಾಖಲೆ ಶುರುವಾದಾಗಿನಿಂದ ಅತಿ ಬೆಚ್ಚಗಿನ ಬೇಸಿಗೆ ಬಂತು. ನೀವು ಇನ್ನೂ ಇಲ್ಲೇ ಇದ್ದರೆ ಅದನ್ನು ಕಂಡಿರುತ್ತೀರಿ. 2023ರಲ್ಲಂತೂ ಜುಲೈ ಪೂರ್ತಿ ಮಳೆಯಲ್ಲಿ ಹೋಗಿ, ಸೆಪ್ಟೆಂಬರಿನಲ್ಲಿ ಸತತ ಏಳು ದಿನ ದೇಶದ ಯಾವುದಾದರೂ ಒಂದು ಕಡೆ 30 ಡಿಗ್ರಿ ದಾಟಿತು. ಅದಕ್ಕೇ ನಾನು ಯಾವಾಗಲೂ ನಾಲ್ಕೈದು ದಿನ ರಜೆಯನ್ನು ಸೆಪ್ಟೆಂಬರಿಗೆ ಉಳಿಸಿಕೊಳ್ಳುತ್ತೇನೆ.

2012ರಲ್ಲೂ ಹಾಗೇ ಆಯಿತು. ಅಮ್ಮ ಹೊರಡಲು ಒಂದು ವಾರ ಇತ್ತು, ಸೆಪ್ಟೆಂಬರ್ ಮೊದಲ ವಾರ. ಒಂದು ಬೆಳಿಗ್ಗೆ ಆಕಾಶ ತೊಳೆದ ಹಾಗಿತ್ತು. ನಾನು ಏಳುವ ಹೊತ್ತಿಗೆ ಅಡುಗೆಮನೆಯಲ್ಲಿ ಹಿಟ್ಟು ಕುದಿಯುತ್ತಿತ್ತು. ಹಿತ್ತಲಿನ ಮೇಜಿನ ಮೇಲೆ ಆ ಬಿಳಿ ಪಂಚೆ ಹಾಸಿ ಅಮ್ಮ ಸಂಡಿಗೆ ಒತ್ತಿದಳು. ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ನೋಡಿ, ಹಕ್ಕಿ ಓಡಿಸಲು ತಾನೇ ಕುರ್ಚಿ ಹಾಕಿಕೊಂಡು ಕೂತರು. ಎರಡು ದಿನದಲ್ಲಿ ಮುಕ್ಕಾಲು ಒಣಗಿತು. ಮೂರನೇ ದಿನ ಮೋಡ ಬಂತು, ಉಳಿದದ್ದನ್ನು ಓವನ್ನಿನಲ್ಲಿ ಸಣ್ಣ ಬಿಸಿಗೆ ಇಟ್ಟು ಒಣಗಿಸಿದೆವು. ಒಂದು ಡಬ್ಬಿ ನನಗೆ, ಒಂದು ಸಣ್ಣ ಡಬ್ಬಿ ಆ ಅಜ್ಜಿಗೆ. ನನ್ನ ಡಬ್ಬಿ ಜನವರಿಯವರೆಗೆ ಬಂತು.