ಬಾಡಿಗೆದಾರರು ಕೇಳದೆ ಎಸಿ ಹಾಕಿಸಿ, ಗೋಡೆಗೆ ಬಣ್ಣ ಬಳಿದಿದ್ದಾರೆ. ಎಲ್ಲ ತೆಗೆಸಬೇಕೇ?

ಬೆಡ್‌ರೂಮಿಗೆ ಎಸಿ, ಹಾಲಿಗೆ ಕಡುನೀಲಿ ಬಣ್ಣ, ಎರಡಕ್ಕೂ ನಿಮ್ಮನ್ನು ಕೇಳಿಲ್ಲ, ಎಲ್ಲ ಕಿತ್ತುಹಾಕಿ ಅನ್ನಲೇ ಎಂದು ಕೇಳಿದ್ದೀರಿ. ಕೋಪ ಬರುವುದು ಸಹಜ, ಆದರೆ ಈಗಲೇ ಹಾಗನ್ನಬೇಡಿ. ಬಣ್ಣಕ್ಕೆ ಅವಸರವಿಲ್ಲ; ಮೊದಲು ವೈರಿಂಗ್ ನೋಡಿ.

ಮುಂಚೆಯೇ ತಿಳಿಸಿ, ಅವರು ಮನೆಯಲ್ಲಿರುವಾಗ ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ. ಒಂದೂವರೆ ಟನ್ ಎಸಿಗೆ ಸಾಮಾನ್ಯವಾಗಿ 4 ಚದರ ಮಿ.ಮೀ. ತಾಮ್ರದ ವೈರು, ಡಿಬಿಯಿಂದ (ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ನೇರ ಲೈನು, ಅದಕ್ಕೇ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಹಾಕುತ್ತಾರೆ. ಕೇಳದೆ ಹಾಕಿಸಿದ ಕಡೆ ಹತ್ತಿರದ 6 ಆಂಪಿಯರ್ ಸಾಕೆಟ್ಟಿನಿಂದಲೇ ಎಳೆದಿರಲೂಬಹುದು. ಅದರ ಹಿಂದಿರುವುದು ಲೈಟು-ಫ್ಯಾನಿಗೆ ಹಾಕಿದ ಸಣ್ಣ ವೈರು. ಸಾಕೆಟ್ಟಿನ ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ, ಪ್ಲಗ್ ಪಿನ್ನು ಕಪ್ಪಗಿದ್ದರೆ ಅಲ್ಲಿ ಬಿಸಿಯೇರುತ್ತಿದೆ. ಪದೇ ಪದೇ ಬೀಳುತ್ತದೆಂದು ಎಂಸಿಬಿಯನ್ನೇ ದೊಡ್ಡದು ಮಾಡಿದ್ದರಂತೂ ವೈರು ಸುಡುತ್ತಿದ್ದರೂ ಅದು ಬೀಳದೇ ಹೋಗಬಹುದು. ಹೀಗೇನಾದರೂ ಕಂಡರೆ, ಸರಿಪಡಿಸುವವರೆಗೆ ಎಸಿ ಹಾಕಬೇಡಿ ಎಂದು ಅಲ್ಲೇ ಹೇಳಿ, ಮೆಸೇಜನ್ನೂ ಕಳಿಸಿ.

ಎಸಿ ಪೈಪಿಗೆಂದು ಗೋಡೆಯಲ್ಲಿ ಕೊರೆದ ತೂತು ಹೊರಗಡೆಗೆ ತುಸು ಇಳಿಜಾರಿರಬೇಕು. ಒಳಕ್ಕೆ ವಾಲಿದ್ದರೆ ಮಳೆನೀರು ಇಳಿದು ತೂತಿನ ಕೆಳಗೆ ಪೇಂಟ್ ಉಬ್ಬಿರುತ್ತದೆ, ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ.

ನೀಲಿ ಬಣ್ಣ ಎಮಲ್ಷನ್ (ನೀರು ಬೆರೆಸಿ ಬಳಿಯುವ ಬಣ್ಣ) ಆಗಿದ್ದರೆ ಒಂದು ಕೋಟ್ ಪ್ರೈಮರ್, ಎರಡು ಕೋಟ್ ಬಣ್ಣ ಸಾಕು. ಆಯಿಲ್ ಪೇಂಟಾದರೆ ಹೊಳಪು ಹೋಗುವಷ್ಟು ಉಜ್ಜಲೇಬೇಕು, ಇಲ್ಲವಾದರೆ ಮೇಲಿನ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಆಮೇಲೆ ಪತ್ರ. ಒಂದೊಂದು ಬದಲಾವಣೆಗೂ ಈಗಲೇ ಸರಿಪಡಿಸಬೇಕೋ, ಖಾಲಿ ಮಾಡುವಾಗ ಮೊದಲಿನಂತೆ ಮಾಡಿಕೊಡಬೇಕೋ, ಹಾಗೇ ಬಿಟ್ಟುಹೋಗಬಹುದೋ, ಬಿಟ್ಟರೆ ಹಣ ಕೊಡುತ್ತೀರೋ ಇಲ್ಲವೋ ಬರೆದು, ತಾರೀಖು ಹಾಕಿ ಇಬ್ಬರೂ ಸಹಿ ಮಾಡಿ. ಟೈಲ್ಸ್, ಕಪಾಟುಗಳನ್ನೂ ಅವರು ಹಾಕಿಸಿದ್ದು, ಅವು ಚೆನ್ನಾಗಿ ಕೂತಿದ್ದರೆ, ಕೀಳಿಸುವಾಗ ಪ್ಲಾಸ್ಟರೂ ಕಿತ್ತುಬರುತ್ತದೆ. ನನ್ನ ಸಲಹೆ, ಅವನ್ನು ಉಳಿಸಿಕೊಳ್ಳಿ. ಗೊತ್ತಿದ್ದೂ ತಿಂಗಳುಗಟ್ಟಲೆ ಸುಮ್ಮನೆ ಬಾಡಿಗೆ ಪಡೆದರೆ, ನಿಮ್ಮ ಒಪ್ಪಿಗೆಯಿತ್ತು ಎಂದು ಅವರು ನಾಳೆ ವಾದಿಸಬಹುದು. ಹಾಗಂತ ನೀರು, ಕರೆಂಟು ಕಡಿತ ಮಾಡಲೇಬೇಡಿ. ಅದು ನಿಮ್ಮ ತಪ್ಪಾಗುತ್ತದೆ.

ಠೇವಣಿಯಿಂದ ಹಿಡಿಯುವುದು ರಿಪೇರಿಗೆ ನಿಜವಾಗಿ ತಗುಲಿದ್ದನ್ನು ಮಾತ್ರ, ಬಿಲ್ ಸಮೇತ. ಮೊದಲೇ ಮಾಸಿದ್ದ ಗೋಡೆಯ ಖರ್ಚನ್ನು ಅವರ ತಲೆಗೆ ಕಟ್ಟಬೇಡಿ. ಎಸಿ ಬಿಚ್ಚುವ ದಿನ ನೀವೂ ಅಲ್ಲಿರಿ. ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದುಕೊಂಡೇ ಪೈಪ್ ಬಿಚ್ಚಬೇಕು, ತೂತನ್ನು ಬರೀ ಪುಟ್ಟಿಯಲ್ಲ, ಸಿಮೆಂಟ್ ಗಾರೆ ತುಂಬಿ ಎರಡೂ ಕಡೆಯಿಂದ ಮುಚ್ಚಿಸಬೇಕು.